ಕ್ರೋಹೀತ್ ಕ್ಯಾಂಪಿನ ಲಕೋಟೆ

ನಮ್ಮ ಮಾರ್ಲ್‌ಸ್ಟೆಡ್ ಅಂಚೆಚೀಟಿ ಸಂಘದಲ್ಲಿ ಹನ್ನೊಂದು ಮಂದಿ ಸದಸ್ಯರಿದ್ದಾರೆ. ಅವರಲ್ಲಿ ಇಬ್ಬರು ತೀರಿಕೊಂಡು ಎರಡು ವರ್ಷವಾಯಿತು. ಹತ್ತಕ್ಕಿಂತ ಕಡಿಮೆಯಾದರೆ ಚಾಪೆಲ್ ಎಂಬ ಸಣ್ಣ ಪ್ರಾರ್ಥನಾಲಯದವರು ತಮ್ಮ ಹಿಂದಿನ ಕೋಣೆಯನ್ನು ಸಭೆಗೆ ಬಿಟ್ಟುಕೊಡುವುದಿಲ್ಲ, ಅದಕ್ಕಾಗಿ ಆ ಇಬ್ಬರನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇವೆ. ಅವರಿಂದ ಸಭೆಯಲ್ಲಿ ಯಾವ ತಕರಾರೂ ಬಂದಿಲ್ಲ. ಬದುಕಿರುವ ಒಂಬತ್ತು ಮಂದಿಯ ಬಗ್ಗೆ ಈ ಮಾತು ಹೇಳಲಾರೆ.

ಸಂಘದ ಕಾರ್ಯದರ್ಶಿ ನಾನು. ಹೆಸರು ವಿಲ್ಫ್ರೆಡ್, ಹೊಟ್ಟೆಪಾಡಿಗೆ ಪೇಟೆ ಬೀದಿಯಲ್ಲಿ ಔಷಧದಂಗಡಿ ಇಟ್ಟಿದ್ದೇನೆ. ನಮ್ಮ ಸಂಘದವರ ಹುಚ್ಚು ವಿಕ್ಟೋರಿಯಾ ರಾಣಿಯ ಕಾಲದ ಚೀಟಿಗಳದ್ದು, ಅದರಲ್ಲೂ ಸೈನ್ಯದ ಕ್ಯಾಂಪುಗಳ ಅಂಚೆಮುದ್ರೆ ಬಿದ್ದ ಚೀಟಿಗಳದ್ದು. ಆಗ ಬೇಸಿಗೆ ಬಂತೆಂದರೆ ಸಿಪಾಯಿಗಳು ಯಾವುದೋ ಬಯಲಿನಲ್ಲಿ ಡೇರೆ ಹೊಡೆದು ಕವಾಯತು ಮಾಡುತ್ತಿದ್ದರು. ಅಂಚೆಯವರು ಅಲ್ಲೇ ಇನ್ನೊಂದು ಡೇರೆಯಲ್ಲಿ ಕಚೇರಿ ತೆರೆದು, ಆ ಕ್ಯಾಂಪಿಗೆಂದೇ ಬೇರೆ ಮುದ್ರೆ ಮಾಡಿಸುತ್ತಿದ್ದರು. ಎರಡು ವಾರ ಕಳೆದರೆ ಡೇರೆಯೂ ಇಲ್ಲ, ಮುದ್ರೆಯೂ ಇಲ್ಲ. ಅಂಥ ಲಕೋಟೆಯಲ್ಲಿ ಚೀಟಿಗೆ ಬೆಲೆಯಿಲ್ಲ, ಅದರ ಮೇಲೆ ಬಿದ್ದ ಮಸಿಗೆ ಬೆಲೆ. ಹಗಲೆಲ್ಲ ನೆಟ್ಟಗಿರುವ ಗಂಡಸರು ಸಂಜೆ ಭೂತಗನ್ನಡಿ ಹಿಡಿದು ಮಸಿ ನೋಡುತ್ತ ಕೂರುವುದೇಕೆ ಎಂದು ನನ್ನ ಹೆಂಡತಿ ಐವಿ ಮೂವತ್ತು ವರ್ಷದಿಂದ ಕೇಳುತ್ತಿದ್ದಾಳೆ. ಉತ್ತರ ಹೊಳೆದ ದಿನ ತಿಳಿಸುತ್ತೇನೆ ಎಂದಿದ್ದೇನೆ.

ಹಂಫ್ರಿ ಕ್ಯಾಟರ್‌ಮೋಲ್ ನಮ್ಮ ಸದಸ್ಯರಲ್ಲಿ ಅತ್ಯಂತ ಬಡಪಾಯಿ. ಗ್ಯಾಸ್ ಮೀಟರ್ ನೋಡಿ ಬರೆದುಕೊಳ್ಳುವ ಕೆಲಸದಲ್ಲಿದ್ದು ನಿವೃತ್ತನಾದವನು. ಹೆಂಡತಿ ಸತ್ತು ನಾಲ್ಕು ವರ್ಷವಾಗಿತ್ತು. ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಕಾಲುಚೀಲ ಹಾಕಿಕೊಂಡು ಬರುತ್ತಿದ್ದ. ಯಾರಾದರೂ ತೋರಿಸಿದರೆ ಮನೆಯಲ್ಲಿ ಇಂಥದೇ ಇನ್ನೊಂದು ಜೊತೆ ಇದೆ ಎನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಸಂಘಕ್ಕೆ ತಂದ ಯಾವ ಚೀಟಿಯನ್ನೂ ಅಧ್ಯಕ್ಷರಾದ ಗ್ರಿಮ್‌ವುಡ್ ಎರಡನೇ ಸಲ ನೋಡಿದ್ದಿಲ್ಲ.

೧೯೬೧ರ ಅಕ್ಟೋಬರಿನಲ್ಲಿ ಚರ್ಚಿನ ಹಳೇ ಸಾಮಾನಿನ ಮಾರಾಟ ನಡೆಯಿತು. ಮಳೆ ಜಿನುಗುತ್ತಿತ್ತು, ಊರಿಡೀ ಕಲ್ಲಿದ್ದಲ ಹೊಗೆ ನೆಲಕ್ಕಿಳಿದಿತ್ತು. ಕಾಲುಚೀಲ ಹೊಲಿದುಕೊಳ್ಳಲು ದಾರ ಬೇಕೆಂದು ಹಂಫ್ರಿ ಆರು ಪೆನ್ನಿ ಕೊಟ್ಟು ಒಂದು ಹಳೆಯ ಹೊಲಿಗೆ ಪೆಟ್ಟಿಗೆ ಕೊಂಡ. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಬಟ್ಟೆಯ ಕೆಳಗೆ ಒಂದು ಲಕೋಟೆಯಿತ್ತು. ನೇರಳೆ ಬಣ್ಣದ ಒಂದು ಪೆನ್ನಿಯ ಚೀಟಿ. ಅದರ ಮೇಲೆ ದುಂಡಗೆ, ಕಪ್ಪಗೆ, ಒಂದಕ್ಷರವೂ ಮಾಸದೆ ‘ಕ್ರೋಹೀತ್ ಕ್ಯಾಂಪ್’. ಆಗಸ್ಟ್ ೧೮೯೯. ಡೇರೆಯ ಗುಮಾಸ್ತ ತಾರೀಖಿನ ಅಚ್ಚನ್ನು ತಲೆಕೆಳಗಾಗಿ ಕೂರಿಸಿದ್ದ. ಕ್ರೋಹೀತ್ ಕ್ಯಾಂಪಿನ ಅಂಚೆ ನಡೆದದ್ದು ಹದಿನೇಳೇ ದಿನ, ಆ ಮುದ್ರೆಯನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಲಕೋಟೆಯೊಳಗೆ ಒಂದು ಪತ್ರವಿತ್ತು. ಎರಡು ಹಾಳೆ, ಎರಡೂ ಕಡೆ ಬರೆದದ್ದು. ಅದನ್ನು ಒಳಗಿಟ್ಟುಕೊಂಡೇ ಅಂಟಿಸಿದರೆ ಪುಟ ಉಬ್ಬುತ್ತದೆ, ಆಲ್ಬಮ್ ಮುಚ್ಚುವುದಿಲ್ಲ. ಹಂಫ್ರಿ ಹಾಳೆಗಳನ್ನು ಹೊರಗೆಳೆದು, ಉರಿಯುತ್ತಿದ್ದ ಒಲೆಗೆ ಹಾಕಿದ. ಬಿಡಿಸಿಯೂ ನೋಡಲಿಲ್ಲ. ಓದುಗರು ಅವನ ಮೇಲೆ ರೇಗಬಾರದು, ನಾವೆಲ್ಲರೂ ಮಾಡುವುದು ಇದನ್ನೇ. ಲಕೋಟೆ ನಮ್ಮದು, ಒಳಗಿನದು ಕಸ. ಪತ್ರ ಎಲ್ಲಿಂದಲೋ ಸಿಕ್ಕೀತು ಎಂದು ಕೊನೆಯವರೆಗೆ ಯಾರೂ ಆಸೆಯಿಂದ ಕಾಯದಿರಲಿ ಎಂದು ಇದನ್ನು ಈಗಲೇ ಹೇಳಿಬಿಟ್ಟಿದ್ದೇನೆ.

ಮಂಗಳವಾರದ ಸಭೆಯಲ್ಲಿ ಲಕೋಟೆ ಮೇಜಿನ ಮೇಲೆ ಬಂತು. ಗ್ರಿಮ್‌ವುಡ್ ಹಲ್ಲಿನ ಡಾಕ್ಟರಾಗಿದ್ದವರು. ಏನನ್ನು ನೋಡಿದರೂ ಕೀಳಿಸಲೇಬೇಕು ಎನ್ನುವಂಥ ಮುಖ ಅವರದು. ಅವತ್ತು ಮೊದಲ ಸಲ ಆ ಮುಖದಲ್ಲಿ ಹೊಟ್ಟೆಯುರಿ ಕಂಡೆವು. ಭೂತಗನ್ನಡಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ಲಕೋಟೆಯ ಮೇಲಿನ ವಿಳಾಸ ಓದಿದರು: “ಮಿಸೆಸ್ ಎ. ಸ್ಪರ್ಲಿಂಗ್, ರೋಪ್ ಲೇನ್. ಅರೆ, ನಮ್ಮ ಹೆಸ್ಟರ್ ಸ್ಪರ್ಲಿಂಗ್ ತಾಯಿ ಅಲ್ವೇನ್ರೀ ಇದು?”

ಊರಿನ ವಾರಪತ್ರಿಕೆಯವನೊಬ್ಬ ಚಾಪೆಲಿನ ಸೂರು ಸೋರುವ ಸುದ್ದಿ ಬರೆದುಕೊಳ್ಳಲು ಬಂದವನು, ನಮ್ಮ ಕೋಣೆ ಬೆಚ್ಚಗಿದೆಯೆಂದು ಒಳಗೆ ಕೂತಿದ್ದ. ಅವನು ಕೇಳಿದ, “ಪತ್ರದಲ್ಲಿ ಏನಿತ್ತು ಸಾರ್?”

ಗ್ರಿಮ್‌ವುಡ್ ನಕ್ಕರು. “ಅವನನ್ನ ಏನು ಕೇಳ್ತೀಯಯ್ಯಾ? ಅವನು ಜೀವನದಲ್ಲಿ ಮೀಟರ್ ಬಿಟ್ಟು ಬೇರೇನೂ ಓದಿಲ್ಲ.”

ಹಂಫ್ರಿಯ ಕಿವಿ ಕೆಂಪಗಾಯಿತು. ಇಪ್ಪತ್ತು ವರ್ಷದ ಮೇಲೆ ಒಂದು ದಿನ ಗೆದ್ದವನಿಗೆ ಅದನ್ನೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. “ಓದಿದೀನಿ,” ಅಂದ. “ಯಾಕೆ ಓದ್ಬಾರ್ದು? ಎರಡು ಸಲ ಓದಿದೀನಿ. ಕರುಳು ಚುರುಕ್ ಅನ್ನುತ್ತೆ. ಸಮಯ ಬರ್ಲಿ, ಎಲ್ಲರಿಗೂ ಹೇಳ್ತೀನಿ.”

ಶುಕ್ರವಾರದ ಪತ್ರಿಕೆಯಲ್ಲಿ ‘ಊರಿನ ವೀರಯೋಧನ ಕರುಳು ಕಲಕುವ ಪತ್ರ ಪತ್ತೆ’ ಎಂದು ಬಂತು. ಚಾಪೆಲಿನ ಸೂರು ಒಳಪುಟಕ್ಕೆ ಹೋಯಿತು.

ವೀರಯೋಧ ಅನ್ನುವುದಕ್ಕೆ ಕಾರಣವಿತ್ತು. ನಮ್ಮ ಚರ್ಚಿನ ಗೋಡೆಯ ಮೇಲೆ ಆಫ್ರಿಕಾ ಯುದ್ಧದಲ್ಲಿ ಮಡಿದ ಊರಿನ ಆರು ಮಂದಿಯ ಹೆಸರಿರುವ ಹಿತ್ತಾಳೆ ಫಲಕವಿದೆ. ಅದರಲ್ಲಿ ಐದನೆಯದು ಆಲ್ಫ್ರೆಡ್ ಸ್ಪರ್ಲಿಂಗ್. ಆ ಆರು ಮಂದಿಯ ಮಕ್ಕಳಲ್ಲಿ ಊರಿನಲ್ಲಿ ಉಳಿದವರು ಮಿಸ್ ಹೆಸ್ಟರ್ ಸ್ಪರ್ಲಿಂಗ್ ಒಬ್ಬರೇ. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು, ಮದುವೆಯಾಗಲಿಲ್ಲ, ಅರವತ್ತೈದು ವಯಸ್ಸು. ಪ್ರತಿವರ್ಷ ನವೆಂಬರಿನಲ್ಲಿ ಸತ್ತ ಸಿಪಾಯಿಗಳನ್ನು ನೆನೆಯುವ ಭಾನುವಾರ ಮೇಯರ್‌ಗಿಂತ ಒಂದು ಹೆಜ್ಜೆ ಮುಂದೆ ನಡೆದು ಸ್ಮಾರಕಕ್ಕೆ ಪುಷ್ಪಚಕ್ರ ಇಡುವವರು ಅವರೇ. ಅವರಿಗೆ ಊರಿನಲ್ಲಿದ್ದ ಸ್ಥಾನಮಾನ ಎಂದರೆ ಆ ಒಂದು ಹೆಜ್ಜೆ.

ಶನಿವಾರ ಬೆಳಗ್ಗೆ ಅವರು ಹಂಫ್ರಿಯ ಬಾಗಿಲು ತಟ್ಟಿದರು. ಪಕ್ಕದ ಮನೆಯ ಮಿಸೆಸ್ ಟಟಲ್ ಆಗ ಬೇಲಿಯ ಬಳಿ ಒಣಗಿದ ಎಲೆ ಗುಡಿಸುತ್ತಿದ್ದರು. ಹಾಗೆಂದು ಅವರೇ ಹೇಳಿದ್ದು. ಅವರ ಬೇಲಿಯ ಬಳಿ ಮರವಿಲ್ಲ. ಅಲ್ಲಿ ನಡೆದ ಮಾತು ಅವರು ಇಡೀ ಊರಿಗೆ ಒಪ್ಪಿಸಿದ ಪ್ರಕಾರ ಹೀಗಿತ್ತು.

“ಮಿಸ್ಟರ್ ಕ್ಯಾಟರ್‌ಮೋಲ್, ಪೇಪರ್‌ನಲ್ಲಿ ಬಂದಿದ್ದು ನಿಜಾನಾ? ನೀವು ಆ ಕಾಗದ ಓದಿದ್ರಾ?”

“ಓದ್ದೆ ಇರ್ತೀನಾ ಮಿಸ್ ಸ್ಪರ್ಲಿಂಗ್? ಒಂದಕ್ಷರ ಬಿಡ್ಲಿಲ್ಲ.”

“ಹಾಗಾದ್ರೆ ನಿಮಗೆ ಎಲ್ಲಾ ಗೊತ್ತು.”

“ಎಲ್ಲಾ ಗೊತ್ತು. ನಿಮ್ಮ ತಂದೆ ಎಂಥಾ ಮನುಷ್ಯ ಅಂತ ಈ ಊರಿಗೆ ಇಲ್ಲೀವರೆಗೆ ಸರಿಯಾಗಿ ಗೊತ್ತೇ ಇರ್ಲಿಲ್ಲ ಬಿಡಿ. ನಾನು ಗೊತ್ತು ಮಾಡಿಸ್ತೀನಿ.”

“ಬೇಡಿ. ದಯವಿಟ್ಟು ಬೇಡಿ.”

“ಸಂಕೋಚ ಪಟ್ಕೋಬೇಡೀಮ್ಮಾ.”

“ನನಗೆ ಹುಷಾರಿಲ್ದೆ ಮಲಗಿದ್ದಾಗ ಕೆಲಸದವಳು ಅಮ್ಮನ ಪೆಟ್ಟಿಗೆ ಮಾರಾಟಕ್ಕೆ ಕೊಟ್ಬಿಟ್ಳು. ಲಕೋಟೆ ನೀವೇ ಇಟ್ಕೊಳ್ಳಿ. ಕಾಗದ ಮಾತ್ರ ನನಗೆ ವಾಪಸ್ ಕೊಡ್ತೀರಾ?”

ಹಂಫ್ರಿ ಒಲೆಯ ಕಡೆ ನೋಡಿದನಂತೆ. “ಈಗ ಆಗಲ್ಲ. ಭದ್ರವಾಗಿ ಒಂದು ಕಡೆ ಇಟ್ಟಿದೀನಿ.”

“ನಿಮಗೆ ಏನು ಬೇಕು ಹೇಳ್ಬಿಡಿ ಮಿಸ್ಟರ್ ಕ್ಯಾಟರ್‌ಮೋಲ್.”

ಇಂಥ ಪ್ರಶ್ನೆಯನ್ನು ಅವನಿಗೆ ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಪಾಪ, ನಿಜ ಹೇಳಿದ. “ನನಗೇನು ಬೇಕು, ಒಂಟಿ ಮನುಷ್ಯ. ಬಿಸಿಬಿಸಿ ಪೈ ತಿಂದು ನಾಲ್ಕು ವರ್ಷ ಆಯ್ತು ನೋಡಿ.”

ಮಿಸ್ ಸ್ಪರ್ಲಿಂಗ್ ಯಾಕೆ ಹಾಗೆ ಬೆದರಿದ್ದರು ಎಂಬುದನ್ನು ಅವರು ಎಷ್ಟೋ ದಿನದ ಮೇಲೆ ಐವಿಯ ಮುಂದೆ ಹೇಳಿಕೊಂಡರು. ಆಲ್ಫ್ರೆಡ್ ಸ್ಪರ್ಲಿಂಗ್ ಆಫ್ರಿಕಾಕ್ಕೆ ಹೋಗಿರಲೇ ಇಲ್ಲ. ಯುದ್ಧ ಬರುತ್ತದೆಂಬ ಸುದ್ದಿ ಹಬ್ಬಿದಾಗ ಕ್ರೋಹೀತ್ ಕ್ಯಾಂಪಿನಿಂದ ತಪ್ಪಿಸಿಕೊಂಡು ಓಡಿಹೋಗಿದ್ದ. ಓಡುವ ಮುನ್ನ ಹೆಂಡತಿಗೆ ಬರೆದು ಹಾಕಿದ ಕಾಗದವೇ ಅದು. ಹೆಂಡತಿ ಊರಿಗೆ, ಗಂಡ ಯುದ್ಧದಲ್ಲಿ ಸತ್ತ ಎಂದಳು. ಚರ್ಚಿನ ಹೆಂಗಸರು ಸೈನ್ಯದವರನ್ನು ಕೇಳುವ ಗೊಡವೆಗೆ ಹೋಗದೆ ಹಿತ್ತಾಳೆಯಲ್ಲಿ ಹೆಸರು ಕೆತ್ತಿಸಿದರು. ತಾಯಿ ಸತ್ತ ಮೇಲೆ ಮಗಳಿಗೆ ಕಾಗದ ಸಿಕ್ಕಿತು. ಅಂದಿನಿಂದ ಮೂವತ್ತೇಳು ವರ್ಷ ಅವರು ಪುಷ್ಪಚಕ್ರ ಇಟ್ಟದ್ದು ಗೊತ್ತಿದ್ದೇ.

ಈಗ ಆ ಗುಟ್ಟು ಹಂಫ್ರಿ ಕ್ಯಾಟರ್‌ಮೋಲನ ಕೈಯಲ್ಲಿದೆ, ಅವನು ಅದಕ್ಕೆ ಪೈ ಕೇಳುತ್ತಿದ್ದಾನೆ ಎಂದು ಅವರು ತಿಳಿದರು. ಗುರುವಾರ, ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ಮಾಂಸದ ಪೈ ಬಂತು. ಭಾನುವಾರ ಸೇಬಿನ ಪೈ. ಆಮೇಲೆ ಜೀರಿಗೆಯ ಕೇಕು, ಆಮೇಲೆ ಕೈಯಲ್ಲೇ ಹೆಣೆದ ಉಣ್ಣೆಯ ಕಾಲುಚೀಲ, ಎರಡೂ ಒಂದೇ ಬಣ್ಣದವು.

“ಮೊದಲು ಪೈ, ಆಮೇಲೆ ಕೇಕು, ಆಮೇಲೆ ಉಂಗುರ,” ಎಂದು ಮಿಸೆಸ್ ಟಟಲ್ ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತು ಘೋಷಿಸಿದರು. “ಅರವತ್ತು ದಾಟಿದ ಮೇಲೆ ಈ ವೇಷ! ಆವಮ್ಮ ತಟ್ಟೆ ಕೊಟ್ಟು ಹೋಗುವಾಗ ಕಣ್ಣೆಲ್ಲ ಕೆಂಪಗಾಗಿತ್ತು ಕಣ್ರೀ. ಪ್ರೇಮ ಅಂದ್ರೆ ಅದು.” ಪಾದ್ರಿಗಳು ಹಂಫ್ರಿಯನ್ನು ಬೀದಿಯಲ್ಲಿ ಕಂಡು, ಚರ್ಚು ಜನವರಿಯಲ್ಲಿ ಬಿಡುವಾಗಿದೆ ಎಂದು ಕಣ್ಣು ಮಿಟುಕಿಸಿದರು. ಪೋಸ್ಟ್‌ಮನ್ ಸೈಕಲ್ ಗಂಟೆಯನ್ನು ಮೂರು ಸಲ ಹೆಚ್ಚಿಗೆ ಬಾರಿಸಿದ.

ಹಂಫ್ರಿ ನನ್ನ ಅಂಗಡಿಗೆ ಬಂದು ತಲೆಗೆ ಹಚ್ಚುವ ಎಣ್ಣೆ ಕೇಳಿದ. ತಲೆಯಲ್ಲಿ ಹದಿನಾಲ್ಕು ಕೂದಲಿದ್ದವು.

“ವಿಲ್ಫ್ರೆಡ್, ಒಂದು ಮಾತು ಕೇಳ್ಲಾ? ಈ ವಯಸ್ಸಲ್ಲಿ ಮದುವೆ ಅಂದ್ರೆ ಜನ ನಗ್ತಾರಾ?”

“ಈಗಾಗಲೇ ನಗ್ತಿದಾರೆ ಕಣಯ್ಯಾ. ಅದನ್ನ ಲೆಕ್ಕಕ್ಕೇ ತಗೋಬೇಡ.”

“ಆಕೆ ತುಂಬಾ ಸೊರಗಿದಾಳೆ. ನನ್ನನ್ನ ನೋಡಿದ್ರೆ ಕೈ ನಡುಗುತ್ತೆ. ನಾನೇ ಧೈರ್ಯ ಮಾಡಿ ಕೇಳ್ಬೇಕೇನೋ.”

ಅವನು ಹೋದ ಅರ್ಧ ಗಂಟೆಗೆ ಮಿಸ್ ಸ್ಪರ್ಲಿಂಗ್ ಬಂದು ತಲೆನೋವಿನ ಪುಡಿ ಕೊಂಡರು. ಆ ವಾರದಲ್ಲಿ ಅದು ಮೂರನೆಯ ಸಲ. ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ಅವರ ಕುರ್ಚಿ ಎರಡು ಭಾನುವಾರದಿಂದ ಖಾಲಿಯಿತ್ತು. ನಾನು ಒಬ್ಬನಿಗೆ ಎಣ್ಣೆ, ಒಬ್ಬರಿಗೆ ಪುಡಿ ಮಾರಿ, ಪ್ರೇಮದ ಕಾಯಿಲೆಗೆ ಎರಡೂ ಬೇಕೆಂದು ಐವಿಯ ಮುಂದೆ ನಗೆಯಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಗ್ರಿಮ್‌ವುಡ್ ಸುಮ್ಮನಿರುವ ಜನವಲ್ಲ. ನೆನಪಿನ ಭಾನುವಾರಕ್ಕೆ ಮುಂಚಿನ ಮಂಗಳವಾರ ಸಂಜೆ ಆರಕ್ಕೆ ಪುರಭವನದಲ್ಲಿ ಸಾರ್ವಜನಿಕ ಪ್ರದರ್ಶನವೆಂದು ಗೊತ್ತುಮಾಡಿ, ಕಾರ್ಯಕ್ರಮವನ್ನು ಅಚ್ಚು ಹಾಕಿಸಿಬಿಟ್ಟರು. ನಾಲ್ಕನೆಯ ಬಾಬು ‘ವೀರಯೋಧ ಸ್ಪರ್ಲಿಂಗ್ ಪತ್ರವಾಚನ, ವಾಚಿಸುವವರು ಎಚ್. ಕ್ಯಾಟರ್‌ಮೋಲ್’. ಐದನೆಯದು ಚಹಾ.

ಹಂಫ್ರಿ ಆ ಕಾರ್ಯಕ್ರಮಪಟ್ಟಿ ಹಿಡಿದು ನನ್ನ ಅಂಗಡಿಗೆ ಓಡಿಬಂದ. ಬಾಗಿಲು ಹಾಕಿಸಿ, ಪತ್ರ ಒಲೆಗೆ ಹೋದ ಕಥೆ ಹೇಳಿದ. ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ.

“ಈಗೇನು ಮಾಡ್ತೀಯೋ?”

“ನಾನೇ ಒಂದು ಬರೆದಿದೀನಿ,” ಎಂದು ಕಿಸೆಯಿಂದ ಹಾಳೆ ತೆಗೆದ. “ಆಕೆಗೆ ಸಂತೋಷ ಆಗ್ಲಿ ಅಂತ. ‘ಪ್ರಿಯೆ, ಇಲ್ಲಿ ಆಫ್ರಿಕಾದಲ್ಲಿ ಸಿಂಹಗಳು ಗರ್ಜಿಸುತ್ತಿವೆ, ಆದರೂ ನನ್ನ ಎದೆ ಅಳುಕಲಿಲ್ಲ.’”

“ಕ್ರೋಹೀತ್ ಇಲ್ಲಿಂದ ಹನ್ನೊಂದು ಮೈಲಿ ಹಂಫ್ರಿ. ಅಲ್ಲಿ ಇರೋದು ಕುರಿ.”

ಅವನು ಸಿಂಹ ಹೊಡೆದು ಹಾಕಿ ಕುರಿ ಬರೆದ. ಕುರಿಗಳು ಗರ್ಜಿಸುವುದು ಸರಿಹೋಗಲಿಲ್ಲ. ಕಡೆಗೆ ಇಬ್ಬರೂ ಸೇರಿ ‘ಹೊಲಗಳು ಶಾಂತವಾಗಿವೆ’ ಎಂದು ತಿದ್ದಿದೆವು. ಹೋಗಿ ಆಕೆಗೆ ನಿಜ ಹೇಳಿ ಬಾ ಎಂದು ನಾನು ಅವತ್ತು ಅವನನ್ನು ಕಳಿಸಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು. ನಾವು ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಚರ್ಚೆ ಮಾಡಿದೆವು.

ಮಂಗಳವಾರ ಪುರಭವನ ತುಂಬಿತ್ತು. ಒದ್ದೆ ಕೋಟುಗಳ ವಾಸನೆ, ಕೆಮ್ಮು, ಹೊರಗೆ ಮಂಜು. ಮಿಸ್ ಸ್ಪರ್ಲಿಂಗ್ ಮೊದಲ ಸಾಲಿನಲ್ಲಿ ಕೂತಿದ್ದರು, ಪುಷ್ಪಚಕ್ರ ಇಡುವ ದಿನ ತೊಡುವ ಕಪ್ಪು ಕೋಟು ಹಾಕಿಕೊಂಡು. ಮಿಸೆಸ್ ಟಟಲ್ ಸುತ್ತಲಿನವರಿಗೆ ಅದರ ಅರ್ಥ ವಿವರಿಸುತ್ತಿದ್ದರು. ಗ್ರಿಮ್‌ವುಡ್ ಮುದ್ರೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಪಾದ್ರಿಗಳು ಎರಡು ಸಲ ನಿದ್ದೆ ಹೋದರು.

ಹಂಫ್ರಿ ಎದ್ದುನಿಂತ. ಎಣ್ಣೆ ಹಚ್ಚಿದ್ದ. ಹಾಳೆ ಬಿಡಿಸಿ, ಮೊದಲ ಸಾಲಿನ ಕಡೆ ಒಂದು ನಗೆ ಬೀರಿ ಶುರು ಮಾಡಿದ, “ಪ್ರಿಯೆ...”

“ನಿಲ್ಸಿ,” ಎಂದರು ಮಿಸ್ ಸ್ಪರ್ಲಿಂಗ್. ಎದ್ದು ಜನರ ಕಡೆ ತಿರುಗಿದರು. “ನೀವು ಓದೋದು ಬೇಡ ಮಿಸ್ಟರ್ ಕ್ಯಾಟರ್‌ಮೋಲ್. ಇನ್ನು ನನ್ನ ಕೈಲಿ ಆಗಲ್ಲ. ಇದನ್ನ ಹೇಳೋದಾದ್ರೆ ನಾನೇ ಹೇಳ್ತೀನಿ.”

ಅವರು ಶಾಲೆಯಲ್ಲಿ ಪಾಠ ಹೇಳುವ ಧ್ವನಿಯಲ್ಲೇ ಹೇಳಿದರು. “ನಮ್ಮಪ್ಪ ಯುದ್ಧದಲ್ಲಿ ಸಾಯಲಿಲ್ಲ. ಯುದ್ಧಕ್ಕೆ ಹೋಗಲೇ ಇಲ್ಲ. ಕ್ಯಾಂಪಿನಿಂದ ಓಡಿಹೋಗಿ ಕೆನಡಾಕ್ಕೆ ಹಡಗು ಹತ್ತಿದ. ‘ಹುಡುಕಬೇಡ, ಸತ್ತೆ ಅಂತ ತಿಳ್ಕೋ’ ಅಂತ ಬರೆದಿದ್ದ. ಅಮ್ಮ ಹಾಗೇ ತಿಳ್ಕೊಂಡ್ಳು, ನಿಮಗೂ ಹಾಗೇ ಹೇಳಿದ್ಳು. ಆಮೇಲೆ ನನಗೆ ಗೊತ್ತಾಯ್ತು. ಗೊತ್ತಾದ ಮೇಲೂ ನಾನು ಹೂವು ಇಟ್ಟೆ. ಆ ಫಲಕದ ಮೇಲೆ ಉಳಿದ ಐದು ಜನ ನಿಜವಾಗ್ಲೂ ಸತ್ತವರು. ಅವರ ಮನೆಯವರು ಇಲ್ಲಿದ್ರೆ ಕ್ಷಮಿಸ್ಬೇಕು.” ಹಂಫ್ರಿಯ ಕಡೆ ತಿರುಗಿದರು. “ಈಗ ಬೇಕಾದ್ರೆ ಓದ್ಕೊಳ್ಳಿ. ನಾಳೆಯಿಂದ ಪೈ ಬರಲ್ಲ.”

ಪಾದ್ರಿಗಳಿಗೆ ಪೂರ್ತಿ ಎಚ್ಚರವಾಗಿತ್ತು.

ಹಂಫ್ರಿಯ ಮುಖದಲ್ಲಿ ಒಂದೊಂದೇ ಅರ್ಥವಾಗುತ್ತ ಹೋದದ್ದನ್ನು ನಾನು ಪಕ್ಕದಿಂದ ನೋಡಿದೆ. ಮೊದಲು ಪೈ, ಆಮೇಲೆ ಕೆಂಪು ಕಣ್ಣು, ಆಮೇಲೆ ನಡುಗುತ್ತಿದ್ದ ಕೈ. ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

“ನನ್ನ ಹತ್ರ ಕಾಗದ ಇಲ್ಲ,” ಅಂದ.

“ಯಾರಿಗೆ ಕೊಟ್ರಿ?”

“ಯಾರಿಗೂ ಇಲ್ಲ. ತಂದ ದಿನವೇ ಒಲೆಗೆ ಹಾಕ್ದೆ. ಆಲ್ಬಮ್ ಮುಚ್ತಿರ್ಲಿಲ್ಲ.”

“ಓದಿ ಹಾಕಿದ್ರಾ?”

“ಇಲ್ಲ ತಾಯೀ. ಒಂದಕ್ಷರಾನೂ ಓದ್ಲಿಲ್ಲ.”

ಆಗ ಗ್ರಿಮ್‌ವುಡ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂಗಿದರು. “ಓಡಿಹೋದ ಸಿಪಾಯಿ ಕೈಬರಹ! ಅದೂ ಕ್ರೋಹೀತ್ ಮುದ್ರೆ ಜೊತೆಗೆ! ಅಂಥದನ್ನ ಸುಟ್ಯಾ? ಅಯ್ಯೋ ಪಾಪೀ, ಇಡೀ ದೇಶದಲ್ಲಿ ಇನ್ನೊಂದು ಇರ್ಲಿಲ್ಲವಲ್ಲೋ!” ನಮ್ಮ ಸದಸ್ಯರಲ್ಲಿ ಮೂವರು ಹೌದೆಂದು ತಲೆಯಾಡಿಸಿದರು. ಅವರಲ್ಲಿ ನಾನಿರಲಿಲ್ಲ ಎಂದು ಹೇಳುವ ಆಸೆ ನನಗಿದೆ.

ಮಿಸ್ ಸ್ಪರ್ಲಿಂಗ್ ಗ್ರಿಮ್‌ವುಡ್ ಕಡೆ ನೋಡಲೇ ಇಲ್ಲ. ನಿಧಾನವಾಗಿ ಕುರ್ಚಿಯ ಮೇಲೆ ಕೂತರು. “ನಾನೇ ಅದನ್ನ ಸುಡಬೇಕು ಅಂತ ಎಷ್ಟು ಸಲ ಒಲೆ ಮುಂದೆ ಕೂತಿದೀನೋ,” ಎಂದರು, ಯಾರಿಗೂ ಅಲ್ಲದ ಹಾಗೆ. “ಕೊನೇಲಿ ಒಂದು ಸಾಲಿತ್ತು. ಮಗೂಗೆ ಕೆಮ್ಮು ಕಡಿಮೆ ಆಯ್ತಾ ಅಂತ. ಆಗ ನನಗೆ ಮೂರು ವರ್ಷ. ಅಪ್ಪ ನನ್ನ ವಿಷಯ ಬರೆದಿದ್ದು ಅದೊಂದೇ ಸಾಲು. ಅದಕ್ಕೇ ಕೈ ಬರ್ಲಿಲ್ಲ.”

ಕೈಗವಸು ಹಾಕಿಕೊಂಡು ಹೊರಗೆ ಹೋದರು. ಐವಿ ಅವರ ಹಿಂದೆ ಹೋದಳು. ಐದನೆಯ ಬಾಬು ಚಹಾ ಇತ್ತಲ್ಲ, ಜನ ಕುಡಿದರು. ಏನು ಮಾಡಬೇಕೋ ತೋಚದಿದ್ದಾಗ ನಮ್ಮ ಊರಿನವರು ಚಹಾ ಕುಡಿಯುತ್ತಾರೆ.

ಭಾನುವಾರ ಪುಷ್ಪಚಕ್ರವನ್ನು ಮೇಯರರ ಹೆಂಡತಿ ಇಟ್ಟರು. ಮಿಸ್ ಸ್ಪರ್ಲಿಂಗ್ ಬಂದಿದ್ದರು, ಆದರೆ ಜನರ ಹಿಂದೆ, ಮೀನಿನಂಗಡಿಯ ಮೆಟ್ಟಿಲ ಬಳಿ ನಿಂತಿದ್ದರು. ಮಿಸೆಸ್ ಟಟಲ್ ಹೋಗಿ ಅವರ ಪಕ್ಕದಲ್ಲಿ ನಿಂತರು, ಬಾಯಿ ಬಿಡಲಿಲ್ಲ. ಹಿತ್ತಾಳೆ ಫಲಕದ ವಿಷಯಕ್ಕೆ ಒಂದು ಸಮಿತಿಯಾಗಿದೆ. ಒಂದು ಹೆಸರನ್ನು ಮಾತ್ರ ಉಜ್ಜಿ ತೆಗೆದರೆ ಅಲ್ಲಿ ಇನ್ನೂ ಎದ್ದು ಕಾಣುತ್ತದೆಂದು ಸಮಿತಿ ಚಿಂತೆಯಲ್ಲಿದೆ.

ಅಂದು ಮಧ್ಯಾಹ್ನ ಹಂಫ್ರಿ ಲಕೋಟೆಯನ್ನು ಆಲ್ಬಮ್ಮಿನಿಂದ ಬಿಡಿಸಿದ. ಗ್ರಿಮ್‌ವುಡ್ ಅವನ ಮನೆಗೇ ಬಂದು, ಕೊಡುವುದಾದರೆ ಮುದ್ರೆಯ ಭಾಗ ಕತ್ತರಿಸಿಕೊಂಡು ಉಳಿದದ್ದು ಕೊಡು ಎಂದು ಬೇಡಿಕೊಂಡರು. ಹಂಫ್ರಿ ಕೇಳಲಿಲ್ಲ. ರೋಪ್ ಲೇನಿಗೆ ಹೋಗಿ, ಮಿಸ್ ಸ್ಪರ್ಲಿಂಗ್ ಮನೆ ಬಾಗಿಲ ಸಂದಿಯಲ್ಲಿ ಇಡೀ ಲಕೋಟೆಯನ್ನು ಒಳಗೆ ಹಾಕಿದ. ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ.

ಸೋಮವಾರ ಬೆಳಗ್ಗೆ ಅದು ಅವನ ಬಾಗಿಲ ಕೆಳಗೆ ಬಿದ್ದಿತ್ತು. ಜೊತೆಗೊಂದು ತುಂಡು ಕಾಗದ, ಹೊಲಿಗೆಯಷ್ಟೇ ಅಚ್ಚುಕಟ್ಟಾದ ಅಕ್ಷರದಲ್ಲಿ: ‘ಇದು ನಿಮ್ಮದೇ. ನನ್ನದು ಇದರೊಳಗಿತ್ತು.’

ಅವನು ಈಗಲೂ ಮಂಗಳವಾರದ ಸಭೆಗೆ ಬರುತ್ತಾನೆ. ಚೀಟಿಗಳ ಬಗ್ಗೆ ಮಾತಾಡುವುದಿಲ್ಲ. ನಮ್ಮಲ್ಲಿ ಯಾರಾದರೂ ಹೊಸ ಲಕೋಟೆ ತಂದು ಮೇಜಿನ ಸುತ್ತ ಕಳಿಸಿದರೆ ಎಲ್ಲರೂ ಭೂತಗನ್ನಡಿ ಹಿಡಿದು ಮುದ್ರೆ ನೋಡುತ್ತೇವೆ. ಹಂಫ್ರಿಯ ಸರದಿ ಬಂದಾಗ ಅವನು ಎರಡು ಬೆರಳಿನಿಂದ ಲಕೋಟೆಯ ಬಾಯಿ ಅಗಲಿಸಿ ಒಳಗೆ ನೋಡುತ್ತಾನೆ. ಸ್ವಲ್ಪ ಹೊತ್ತು ನೋಡಿ ಪಕ್ಕದವನಿಗೆ ದಾಟಿಸುತ್ತಾನೆ.